ಐದರ ಮಗ್ಗಿಗೆ ಸಿಗದ ತೂಕ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆರಿಗೆ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಇನ್ಸ್‌ಪೆಕ್ಟರ್ ಮುಂದಿಟ್ಟು ಒಂದು ಅಂಕಿಯ ಮೇಲೆ ಬೆರಳೂರಿದಳು.

"ಎರಡು ಸಾವಿರದ ನಾನೂರ ಮೂವತ್ತೇಳು ಗ್ರಾಂ ಅಂತ ಬರೆದಿದಾರೆ. ಸುಳ್ಳು ಸಾರ್. ತೂಕದ ಯಂತ್ರದ ಮುಂದೆ ನಾನೇ ನಿಂತಿದ್ದೆ. ಸಾವಿರದ ಒಂಬೈನೂರ ಮೂವತ್ತೈದು."

"ಅಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ?"

"ಮೂವತ್ತು ವರ್ಷ ತರಕಾರಿ ತೂಗಿ ಮಾರಿದೀನಿ. ಮೊಮ್ಮಗಳ ತೂಕ ಮರೀತೀನಾ?"

ಎರಡು ಕಿಲೋ ತುಂಬದ ಕೂಸನ್ನು ಬೆಚ್ಚನೆಯ ಕೋಣೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಆಸ್ಪತ್ರೆಯ ನಿಯಮ. ಈ ಕೂಸನ್ನು ಎರಡನೆಯ ದಿನವೇ ಮನೆಗೆ ಕಳಿಸಿದ್ದರು. ನಾಲ್ಕನೆಯ ದಿನ ಅದು ಮೈ ತಣ್ಣಗಾಗಿ ತಾಯಿಯ ಮಡಿಲಲ್ಲೇ ಹೋಯಿತು.

"ನನ್ನ ಮಗಳಿಗೆ ಮೂರ್ಛೆರೋಗ ಸಾರ್. ತನ್ನ ರೋಗವೇ ಮಗೂನ ತಿಂತು ಅಂತ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದಾಳೆ."

ಮೂಗಿನ ತುದಿಯಲ್ಲೇ ಕೋಪವಿರುವವರೆಂದು ಹೆಸರಾದ ಇನ್ಸ್‌ಪೆಕ್ಟರ್ ಅಂದು ದನಿ ಏರಿಸಲಿಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಹೆರಿಗೆ ವಾರ್ಡಿನ ನರ್ಸ್ ಕಡ್ಡಿ ಮುರಿದಂತೆ ಹೇಳಿದಳು. "ಯಂತ್ರದಲ್ಲಿ ಕಂಡದ್ದನ್ನೇ ಚೀಟೀಲಿ ಬರೆದು, ಮೂರ್ಛೆರೋಗದ ಬಸುರಿಯರ ಸಂಶೋಧನೆ ಕೋಣೆಗೆ ಕಳಿಸ್ದೆ. ಅವರು ಕಂಪ್ಯೂಟರಿಗೆ ಏರಿಸಿ ಚೀಟಿ ಹರಿದುಹಾಕ್ತಾರೆ. ಅಷ್ಟರಲ್ಲಿ ನನ್ನ ಪಾಳಿ ಮುಗಿದಿತ್ತು."

ಹಾಗಾದರೆ ಯಂತ್ರವೇ ಕೆಟ್ಟಿರಬಹುದೇ? ಇನ್ಸ್‌ಪೆಕ್ಟರ್ ಇಬ್ಬರು ಪಂಚರನ್ನು ಕರೆಸಿ, ಹೆರಿಗೆ ರಜೆ ಮುಗಿಸಿ ಆ ವಾರವಷ್ಟೇ ಕೆಲಸಕ್ಕೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಕೈಗೆ ಪಂಚನಾಮೆಯ ಹಾಳೆ ಕೊಟ್ಟರು. ಒಂದು ಕಿಲೋದ ತೂಕದ ಬಟ್ಟು ಇಟ್ಟರೆ ಯಂತ್ರ ಒಂದು ಕಿಲೋ ತೋರಿಸಿತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಇಟ್ಟರು. ಕಡತ ನಾನೂರ ಹತ್ತು. ಬೇಡಿ ಮುನ್ನೂರ ಐವತ್ತೈದು. ಇನ್ಸ್‌ಪೆಕ್ಟರರ ಟೋಪಿ ನೂರ ಎಂಬತ್ತೈದು.

"ತಲೆ ಇಲ್ಲದಿದ್ರೂ ಇಷ್ಟು ತೂಗುತ್ತೆ ನೋಡಿ," ಎಂದು ಪಂಚರಲ್ಲೊಬ್ಬ ಹೇಳಿ, ಇನ್ಸ್‌ಪೆಕ್ಟರ್ ತಿರುಗಿದ್ದೇ ಬಾಯಿಗೆ ಬೀಗ ಹಾಕಿಕೊಂಡ.

ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದಳು. "ಸಾರ್, ಎಲ್ಲಾ ಐದರ ಮಗ್ಗಿ. ನನ್ನ ಪಾಪೂನ ತೂಗಿದಾಗ್ಲೂ ಹೀಗೇ ಬರ್ತಿತ್ತು. ಇದಕ್ಕೆ ಐದು, ಹತ್ತು ಬಿಟ್ರೆ ಬೇರೆ ಗೊತ್ತೇ ಇಲ್ಲ. ನಾನೂರ ಮೂವತ್ತೇಳು ಹೇಗೆ ತೋರಿಸ್ತು?"

ಯಂತ್ರ ತೋರಿಸಿರಲಿಲ್ಲ. ಯಾರೋ ಬರೆದಿದ್ದರು.

ಸಂಶೋಧನೆಯ ಮುಖ್ಯ ವೈದ್ಯೆ ಪಟ್ಟಿ ತೆಗೆಸಿಕೊಟ್ಟರು. ಮೂರ್ಛೆರೋಗದ ಬಸುರಿಯರ ಮೆದುಳಿನ ಅಲೆ, ಅವರು ನುಂಗುವ ಮಾತ್ರೆ, ಹುಟ್ಟಿದ ಕೂಸಿನ ತೂಕ, ಇಷ್ಟನ್ನೂ ಜೋಡಿಸಿ ನೋಡುವ ಕೆಲಸ ಅವರದು. ಆ ವರ್ಷದ ಅರವತ್ತು ತೂಕಗಳಲ್ಲಿ ಇಪ್ಪತ್ತಮೂರು ಐದರ ಮಗ್ಗಿಗೆ ಸಿಗಲಿಲ್ಲ. ಇಪ್ಪತ್ತಮೂರೂ ಮಾತ್ರೆ ತೆಗೆದುಕೊಂಡ ತಾಯಂದಿರ ಕೂಸುಗಳವು.

"ಹೋದ ವರ್ಷ ಮಾತ್ರೆ ತಗೊಂಡವರ ಕೂಸುಗಳು ತುಸು ಸಣ್ಣ ಅನ್ನಿಸಿತ್ತು. ಈ ವರ್ಷ ವ್ಯತ್ಯಾಸವೇ ಕಾಣ್ತಿಲ್ಲ ಅಂತ ನಾವೇ ಬೆರಗಾಗಿದ್ವಿ," ಎಂದರು ವೈದ್ಯೆ.

"ಕಂಪ್ಯೂಟರಿಗೆ ಏರಿಸೋದು ಯಾರು?"

ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ಬರೆಸುವ ತಂತ್ರಜ್ಞ. ಮೂರು ನಲವತ್ತಕ್ಕೆ ಅವನ ಕೋಣೆಗೆ ಹೋದಾಗ ಅವನು ಒಬ್ಬ ಬಸುರಿಯ ಕೂದಲಿಗೆ ಮೆತ್ತಿದ್ದ ಅಂಟನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸುತ್ತಿದ್ದ. ಅವಳು ಹೋಗುವ ತನಕ ಇನ್ಸ್‌ಪೆಕ್ಟರ್ ಕಾದರು.

"ಈ ಏಳು ಎಲ್ಲಿಂದ ಬಂತು?"

ಅವನು ಪಟ್ಟಿ ನೋಡಿದ. ಸುಳ್ಳು ಹೇಳಲು ಪ್ರಯತ್ನಿಸಲಿಲ್ಲ. "ಸೊನ್ನೆ ಹಾಕಿದ್ರೆ ಕಟ್ಟಿದ ಲೆಕ್ಕ ಅಂತ ಗೊತ್ತಾಗುತ್ತೆ ಅನ್ಕೊಂಡೆ."

"ಯಂತ್ರ ಐದೈದರಲ್ಲೇ ತೋರಿಸುತ್ತೆ. ಇಷ್ಟು ಚೀಟಿ ನೋಡಿದೀರಿ, ಕಾಣಲಿಲ್ವಾ?"

"ನಂದು ಅಲೆ ನೋಡೋ ಕಣ್ಣು ಸಾರ್. ಅಂಕೀನ ಸುಮ್ನೆ ಏರಿಸ್ತಿದ್ದೆ."

"ಕೂಸಿನ ಬಿಡುಗಡೆ ಚೀಟಿಗೂ ಅದೇ ತೂಕ ಹೋಗುತ್ತಲ್ಲ?"

"ವಾರ್ಡಿಗೆ ಬೇರೆ ಪುಸ್ತಕ ಇದೆಯಲ್ಲ?"

ಇರಲಿಲ್ಲ. ಎರಡೆರಡು ಸಲ ಯಾಕೆ ಬರೆಯಬೇಕೆಂದು ಹಿರಿಯ ನರ್ಸ್ ವರ್ಷದ ಮೊದಲಲ್ಲೇ ಅದನ್ನು ನಿಲ್ಲಿಸಿದ್ದಳು. ಅಂದಿನಿಂದ ಕಂಪ್ಯೂಟರಿನ ತೂಕವೇ ಚೀಟಿಗೆ ಹೋಗುತ್ತಿತ್ತು. ಇದನ್ನು ಕೇಳಿದ ತಂತ್ರಜ್ಞನ ಕೈಯಿಂದ ಒದ್ದೆ ಬಟ್ಟೆ ಜಾರಿತು. "ಯಾವ ಕೂಸು?" ಎಂದ. ಇನ್ಸ್‌ಪೆಕ್ಟರ್ ಹೇಳಿದರು.

ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಒಂದೂವರೆ ಪುಟ. ಅವನ ಹೆಂಡತಿಗೂ ಅದೇ ರೋಗವಿತ್ತು, ಹೋದ ವರ್ಷ ಏಳು ತಿಂಗಳ ಬಸುರಿಯಾಗಿದ್ದಳು. ಮಾತ್ರೆ ತೆಗೆದುಕೊಂಡವರ ಕೂಸುಗಳು ಸಣ್ಣಗಿರುತ್ತವಂತೆ ಎಂದು ಒಂದು ದಿನ ಊಟಕ್ಕೆ ಕೂತಾಗ ಅವನೇ ಬಾಯಿತಪ್ಪಿ ಹೇಳಿದ್ದ. ಅವಳು ಯಾರಿಗೂ ತಿಳಿಯದಂತೆ ಮಾತ್ರೆ ನಿಲ್ಲಿಸಿದಳು. ಹನ್ನೊಂದನೆಯ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದಳು. ಅವಳೂ ಹೊಟ್ಟೆಯ ಕೂಸೂ ಉಳಿಯಲಿಲ್ಲ.

"ಕೂಸು ಸಣ್ಣ ಅನ್ನೋ ವರದಿ ಓದಿ ಇನ್ನೊಬ್ಬಳು ಮಾತ್ರೆ ಬಿಡಬಾರದು ಅಂತಷ್ಟೇ ಸಾರ್ ನನಗಿದ್ದದ್ದು."

ಐದು ಹತ್ತಕ್ಕೆ ಬಂಧನದ ಕಾಗದ ಸಿದ್ಧವಾಯಿತು. ಪೆನ್ನು ಕೈಗೆ ತೆಗೆದುಕೊಂಡವನು ಸಹಿ ಹಾಕದೆ ತಲೆಯೆತ್ತಿದ.

"ಆ ಕೂಸಿನ ತಾಯಿ ಮಾತ್ರೆ ತಗೋತಿದಾಳಾ?"

ಯಾರೂ ಕೇಳಿರಲಿಲ್ಲ. ಕಾನ್‌ಸ್ಟೆಬಲ್ ತರಕಾರಿ ಮಾರುವ ಅಜ್ಜಿಗೆ ಫೋನ್ ಮಾಡಿದಳು. ಆಚೆಯ ಮಾತು ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು.

"ಮಗು ಹೋದ ದಿನದಿಂದ ಮುಟ್ಟಿಲ್ವಂತೆ ಸಾರ್. ಯಾರಿಗೋಸ್ಕರ ತಗೊಳ್ಳಲಿ ಅಂತಾಳಂತೆ."

ತಂತ್ರಜ್ಞ ಪೆನ್ನು ಕೆಳಗಿಟ್ಟು ಕೈ ಮುಗಿದ. "ನಾನೆಲ್ಲೂ ಓಡಿಹೋಗಲ್ಲ. ಡಾಕ್ಟರಮ್ಮನ್ನ ಕರ್ಕೊಂಡು ಅಲ್ಲಿಗೆ ಹೋಗಿ. ಈಗಲೇ ಹೋಗಿ ಸಾರ್."

ಅವನನ್ನು ನ್ಯಾಯಾಧೀಶರ ಮುಂದೆ ಕರೆದೊಯ್ಯಲು ನಿಂತಿದ್ದ ಜೀಪಿಗೆ ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ಲನ್ನು ಹತ್ತಿಸಿಕೊಂಡು ತಾವೂ ಹತ್ತಿದರು. ಆಸ್ಪತ್ರೆಯಲ್ಲಿ ವೈದ್ಯೆಯನ್ನು ಹತ್ತಿಸಿಕೊಂಡು ಆ ತಾಯಿಯ ಮನೆಗೆ ಹೋಗಲು ಹೊರಟದ್ದು ಐದು ಹದಿನೆಂಟಕ್ಕೆ.