ಬಿಳಿ ಕಾರಿನ ಕೆಂಪು ಗೆರೆ

ಲಲಿತಾ ಓಡಿ ಬಂದಾಗ ನಾನು ಬಸವರಾಜೇಶ್ವರಿ ಅಕ್ಕನ ಪಡಸಾಲೆಯಲ್ಲಿ ಕೂತು ಸಂಜೆಯ ಪೂಜೆಗೆ ಹೂ ಕಟ್ಟುತ್ತಿದ್ದೆ. ಅಕ್ಕ ಶೇಂಗಾ ಸುಲಿಯುತ್ತಿದ್ದಳು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಸುಳ್ಳು ಸಾಕ್ಷಿ ಕೇಳಿ ಕೇಳಿ ಅವಳ ಕಿವಿ ಪಳಗಿತ್ತು. ರಾಯದುರ್ಗದಲ್ಲಿ ಯಾವ ಗಂಟು ಬಿದ್ದರೂ ಜನ ಹುಡುಕಿ ಬರುತ್ತಿದ್ದುದು ಅವಳ ಬಾಗಿಲಿಗೆ.

"ಅಕ್ಕಾ, ನಮ್ಮವರನ್ನ ಉಳಸ್ರಿ! ಕಾರಿನ ಮುಂದಿನ ಗಾಜು ಒಡದಾರ. ಸಂಜಿಯೊಳಗ ತಪ್ಪು ಒಪ್ಪಲಿಲ್ಲಂದ್ರ ಕಾರಿಗೆ ಬೆಂಕಿ ಹಚ್ತಾರಂತ, ಊರಾಗ ಇರಾಕ ಬಿಡಲ್ಲಂತ."

ಸೋಮವಾರ ನಸುಕಿನಲ್ಲಿ ಕಣೇಕಲ್ಲು ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಓಬಳಪ್ಪನಿಗೆ ಒಂದು ಕಾರು ಗುದ್ದಿ, ನಿಲ್ಲದೆ ಹೋಗಿತ್ತು. ತೊಡೆಮೂಳೆ ಮುರಿದು ಅವನು ಬಳ್ಳಾರಿ ಆಸ್ಪತ್ರೆಯಲ್ಲಿದ್ದ. ಕಾರು ಬಿಳಿ ಎಂಬುದೊಂದೇ ಅವನ ನೆನಪು. ಅದೇ ಮಧ್ಯಾಹ್ನ ಲಲಿತಾಳ ಗಂಡ, ಕಾಲೇಜು ಮೇಷ್ಟ್ರು ಚಂದ್ರಮೋಹನ್, ತನ್ನ ಬಿಳಿ ಕಾರಿನ ಮುಂದಿನ ಎಡಚಕ್ರದ ಮೇಲಿನ ತಗಡು ಬಿಚ್ಚಿ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ತಾನೇ ಹೊಸದು ಕೂರಿಸಿದ್ದ. ಜನಕ್ಕೆ ಅಷ್ಟು ಸಾಕಾಯಿತು.

ನಾವು ಹೋದಾಗ ಓಬಳಪ್ಪನ ತಮ್ಮ ರಮೇಶ್ ಕುರಿ ಕಾಯುವ ಕೋಲು ಹಿಡಿದು ಮೇಷ್ಟ್ರ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ನೆಂಟರು. ಅವರೆಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಕಾರಿನ ತಗಡು ರಿಪೇರಿ ಮಾಡುವ ಟಿಂಕರಿಂಗ್ ಶೆಡ್ಡಿನ ದೊಡ್ಡಬಸಪ್ಪ.

"ಮುರಿದ ಬಂಡೀನ ನನ್ನ ಹತ್ರ ತರದ ಮನ್ಯಾಗ ಯಾಕ ಬಿಚ್ಚಿದಾ ಕೇಳ್ರಿ ಅಕ್ಕಾರ. ಹೊಸ ತಗಡಿಗೆ ಒಂದು ವಿಭೂತಿ ಸೈತ ಇಟ್ಟಿಲ್ಲ! ನಮ್ಮ ಶೆಡ್ಡಿನಾಗ ಹೊಸ ತಗಡು ಕೂತ್ರ, ಅದಕ್ಕ ಮೂರು ಬೆರಳು ವಿಭೂತಿ ಎಳೆಯೋತನಕ ನಾನು ನೀರು ಕುಡಿಯಂಗಿಲ್ಲ."

"ನೀನು ಹೇಳಿದ ರೇಟಿಗೆ ಇನ್ನೊಂದು ಕಾರು ಬರ್ತಿತ್ತು," ಎಂದ ಚಂದ್ರಮೋಹನ್ ಹಲ್ಲು ಕಚ್ಚಿ. "ಕಾಲೇಜು ಗೇಟಿನ ಕಂಬಕ್ಕ ತಾಗಿಸಿದ್ದು ನಾನು. ಮನುಷ್ಯನಿಗಲ್ಲ."

"ಕೂರಿಸಿದ ಚಂದ ನೋಡ್ರಿ! ಬಾನೆಟ್ಟಿನ ಸಂದಿನಾಗ ಬೆಕ್ಕು ಮರಿ ಹಾಕ್ತದ."

ಜನ ನಕ್ಕರು. ಆ ನಗುವಿನಲ್ಲಿ ವಿಷವಿತ್ತು.

ಅಕ್ಕ ಹಳೆಯ ತಗಡು ಕೇಳಿದಳು. ಅದು ಮಾಳಿಗೆಯ ಮೇಲೆ ಕೋಳಿಬುಟ್ಟಿಗೆ ಮುಚ್ಚಳವಾಗಿತ್ತು. ನೆಗ್ಗಿದ ಜಾಗವನ್ನು ಅವಳು ಬೀಗದ ಕೈಯಿಂದ ಕೆರೆದಳು. ತೆಳ್ಳನೆಯ ಬಣ್ಣ ಎದ್ದು, ಕೆಳಗೆ ಬರಿಯ ಕಬ್ಬಿಣ ಕಂಡಿತು.

"ರಸ್ತ್ಯಾಗ ಏನಾರ ಸಿಕ್ಕಿತ್ತೇನಪ್ಪಾ?"

ರಮೇಶ್ ಕರವಸ್ತ್ರ ಬಿಚ್ಚಿದ. ರೊಟ್ಟಿಯಷ್ಟು ದಪ್ಪದ ಬಿಳಿ ಚೂರು. ಮೇಲೊಂದು ಕೆಂಪು ಗೆರೆ. "ನಮ್ಮಣ್ಣನ ರಕ್ತ ಐತ್ರಿ ಇದರ ಮ್ಯಾಲ," ಎಂದ.

ಅಕ್ಕ ಅದನ್ನು ನನಗೆ ಕೊಟ್ಟಳು. ಬೆರಳು ಒದ್ದೆ ಮಾಡಿ ಮುಟ್ಟಿದೆ. ದಿನವೂ ದೇವರ ಮುಂದೆ ನನ್ನ ಕೈಗೆ ಹತ್ತುವ ಬಣ್ಣವೇ ಹತ್ತಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕಣ್ಣಲ್ಲೇ ತಡೆದಳು.

"ದೊಡ್ಡಬಸಪ್ಪಾ, ಕಲಿತವರ ಕೆಲಸ ಹೆಂಗಿರ್ತದ ತೋರ್ಸು ನಡಿ."

ಅವನು ಹೆಮ್ಮೆಯಿಂದಲೇ ಕರೆದೊಯ್ದ. ಶೆಡ್ಡಿನಲ್ಲಿ ಒಂದೇ ಬಿಳಿ ಕಾರಿತ್ತು. ಅಮರಾಪುರದ ಕದರಪ್ಪನದು. ಹೋದ ವಾರ ರಾಯದುರ್ಗದ ಮಗಳ ಮನೆಗೆ ಬಂದಾಗ ಹಿಂದಿನ ಬಂಪರ್ ಒಡೆದು, ರಿಪೇರಿಗೆ ಬಿಟ್ಟು ಬಸ್ಸಿನಲ್ಲಿ ಹೋಗಿದ್ದನಂತೆ. ಈ ದಿನ ಒಯ್ಯಲು ಬಂದು ಮಗಳ ಮನೆಯಲ್ಲಿದ್ದ. ಕಾರಿನ ಮುಂದಿನ ಬಲಗಡೆ ಮಾಸಿದ ನಾಮ, ಎಡಗಡೆ ಹಸಿ ವಿಭೂತಿ. ನಾನು ಎರಡಕ್ಕೂ ಕೈ ಮುಗಿದೆ. ಅಕ್ಕ ಮುಗಿಯಲಿಲ್ಲ, ಸುಮ್ಮನೆ ನೋಡುತ್ತಾ ನಿಂತಳು. ಆಮೇಲೆ ಎಲ್ಲರನ್ನೂ, ಕದರಪ್ಪನನ್ನೂ ಪೊಲೀಸರನ್ನೂ ಅಲ್ಲಿಗೇ ಕರೆಸಿದಳು.

"ಈ ಚೂರು ಇಷ್ಟು ದಪ್ಪ ಯಾಕ? ಬಣ್ಣದ ಕೆಳಗ ಪುಟ್ಟಿ ಐತಿ," ಎಂದು ಶುರುಮಾಡಿದಳು. "ಒಮ್ಮೆ ನೆಗ್ಗಿ, ಶೆಡ್ಡಿನಾಗ ರಿಪೇರಿಯಾದ ತಗಡಿಗೆ ತಗ್ಗು ತುಂಬಾಕ ಪುಟ್ಟಿ ಮೆತ್ತಿರ್ತಾರ. ಮೇಷ್ಟ್ರ ಹಳೇ ತಗಡಿನಾಗ ಪುಟ್ಟಿ ಇಲ್ಲ. ಚೂರು ಅದರದಲ್ಲ."

"ರಕ್ತ?" ಎಂದ ರಮೇಶ್.

"ಒಣಗಿದ ರಕ್ತ ಕಪ್ಪಾಗ್ತದ. ಇದು ಇನ್ನೂ ಕೆಂಪಗ ಐತಿ, ನೆಟ್ಟಗ ಬೆರಳಲ್ಲಿ ಎಳೆದಂಗ ಐತಿ. ನಾಗರತ್ನಾ, ನಿನ್ನ ಕೈಗೆ ಹತ್ತಿದ್ದೇನು?"

"ಕುಂಕುಮ," ಎಂದೆ.

"ನಾಮದ ನಡುವಿನ ಗೆರಿ. ಕದರಪ್ಪನವರ, ನಿಮ್ಮ ಕಾರಿಗೆ ವಿಭೂತಿ ಯಾರಿಟ್ರು?"

ಕದರಪ್ಪ ಬಗ್ಗಿ ನೋಡಿದ. "ನಾವು ನರಸಿಂಹಸ್ವಾಮಿ ಒಕ್ಕಲು ಕಣಮ್ಮ. ಆಯುಧಪೂಜೇಲಿ ಎರಡೂ ಕಡೆ ನಾಮಾನೇ ಇಕ್ಕಿದ್ದೆ. ಎಡಗಡೆ ತಗಡು ನಾನು ಕಾರು ತಗಳೋಕೆ ಮುಂಚೇನೇ ಪುಟ್ಟಿ ಮೆತ್ತಿದ್ದು. ಇದೇನಿದು, ಹೊಸದಿದ್ದಂಗೈತಲ್ಲ!"

"ನಾಮ ಅಳಿಸಿತ್ತು, ನಾನೇ ವಿಭೂತಿ ಇಟ್ಟೆ," ಎಂದ ದೊಡ್ಡಬಸಪ್ಪ ಗಡಿಬಿಡಿಯಲ್ಲಿ.

ಅಕ್ಕ ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸಿದಳು. ಬಲಗಡೆ ತಿಂಗಳುಗಟ್ಟಲೆ ಬಿಸಿಲುಂಡ ಕುಂಕುಮದ ಕಲೆ ಉಳಿಯಿತು. ಎಡಗಡೆ ಕನ್ನಡಿಯಂತೆ ಹೊಳೆಯಿತು.

"ಬಂಪರ್ ಕೆಲಸಕ್ಕ ಬಂದ ಬಂಡಿಗೆ ಮುಂದಿನ ತಗಡು ಯಾಕ ಹೊಸದಾತು? ಹೊಸ ತಗಡಿಗೆ ವಿಭೂತಿ ತಪ್ಪಿಸಂಗಿಲ್ಲಂತ ಊರ ಮುಂದ ಹೇಳಿದವನು ನೀನು. ರಮೇಶಾ, ಹಿಂದಿನ ಗುಜರಿ ರಾಶಿ ಎಳಿ."

ನುಜ್ಜುಗುಜ್ಜಾದ ತಗಡೊಂದು ಹೊರಬಂತು. ಅದರ ಮೇಲೆ ಅರ್ಧ ನಾಮ. ರಮೇಶನ ಚೂರು ಅದರ ಗಾಯದಲ್ಲಿ ಸರಿಯಾಗಿ ಕೂತು ನಾಮ ಪೂರ್ತಿಯಾಯಿತು.

ದೊಡ್ಡಬಸಪ್ಪ ನೆಲಕ್ಕೆ ಕುಸಿದ. "ಕಣೇಕಲ್ಲಿನಾಗ ಬೀಗರ ಮನಿ. ಅವರ ಮುಂದ ಒಂದು ಸಲ ಕಾರಿನಾಗ ಇಳೀಬೇಕು ಅನ್ನಿಸ್ತ್ರಿ..."

"ಎಂಥ ಕೈ ನಿಂದು," ಎಂದಳು ಅಕ್ಕ, ಕೂದಲೂ ಹೋಗದ ಸಂದಿಯ ಮೇಲೆ ಬೆರಳಾಡಿಸುತ್ತ. "ಮೇಷ್ಟ್ರ ಕೆಲಸ ಓಣಿಗೆಲ್ಲ ಕಂಡು ಅವರು ಕಳ್ಳರಾದ್ರು. ನಿಂದು ಯಾರ ಕಣ್ಣಿಗೂ ಬೀಳಲಿಲ್ಲ."

ಮನುಷ್ಯನನ್ನು ರಸ್ತೆಯಲ್ಲಿ ಬಿಟ್ಟು ಬಂದ ಕೈ ತಗಡಿಗೆ ವಿಭೂತಿ ಎಳೆಯುವುದನ್ನು ಮರೆತಿರಲಿಲ್ಲ. ಶಿವನೇ, ನೀನು ಹೇಗೆ ತೆಗೆದುಕೊಂಡೆಯೋ ಅದನ್ನು.

ರಮೇಶ್ ಕೋಲೆತ್ತಿದ. ಅಕ್ಕ ನಡುವೆ ನಿಂತಳು. ಪೊಲೀಸರು ದೊಡ್ಡಬಸಪ್ಪನನ್ನು ಎಬ್ಬಿಸಿ ಕರೆದೊಯ್ದರು.

ಆಮೇಲೆ ರಮೇಶ್ ಕೋಲು ಕೆಳಗಿಟ್ಟು ಮೇಷ್ಟ್ರ ಹತ್ತಿರ ಬಂದ. "ತಪ್ಪಾತ್ರಿ ಸಾರ್. ಒಡೆದ ಗಾಜು ನಾಳೆ ನಾನೇ ಹಾಕಿಸಿಕೊಡ್ತೀನ್ರಿ."

ಚಂದ್ರಮೋಹನ್ ಅವನ ಮುಖ ನೋಡಲಿಲ್ಲ. ಹೆಂಡತಿಯ ಕೈ ಹಿಡಿದು ಹೊರಟವನು ಶೆಡ್ಡಿನ ಬಾಗಿಲಲ್ಲಿ ಒಮ್ಮೆ ನಿಂತ.

"ಬ್ಯಾಡ. ನಾನೇ ಹಾಕ್ಕೊಂತೀನಿ."