ಬಲೆಗೆ ಕಟ್ಟಿದ ಸೀಸ

೨೦೦೪ರ ಮೇ ೧೪, ಶುಕ್ರವಾರ. ಬೆಳಿಗ್ಗೆ ೯.೪೦ಕ್ಕೆ ನರಸಿಂಹರಾಜಪುರ ಠಾಣೆಗೆ ಬಂದ ರಾಧಮ್ಮ, ಗಂಡನಿಗೆ ಯಾರೋ ವಿಷ ಹಾಕಿದ್ದಾರೆಂದು ದೂರು ಕೊಟ್ಟಳು. ಗಂಡ ಬೈರಪ್ಪ ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಎರಡು ವಾರದ ಹಿಂದೆ ವಾಂತಿ ಶುರುವಾಗಿತ್ತು. ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ.

"ಬೆಂಕಿ ಮುಟ್ಲಿಲ್ಲ ಸಾರ್, ಕೈ ಬೆಂದಿದೆ. ತಲೆ ಸವರಿದ್ರೆ ಕೂದ್ಲು ಮುಷ್ಟಿಗೆ ಬರ್ತದೆ."

"ಯಾರ ಮೇಲೆ ಅನುಮಾನ?" ಸಬ್ ಇನ್‌ಸ್ಪೆಕ್ಟರ್ ರಾಜೇಶ ಕೇಳಿದ.

"ಬೂತಪ್ಪನ ಮೇಲೆ. ಒಟ್ಟಿಗೆ ಬಲೆ ಹಾಕ್ತಿದ್ರು. ಜಗಳ ಆಗಿತ್ತು."

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಶೇಷಪ್ಪನನ್ನು ಕರೆದುಕೊಂಡು ರಾಜೇಶ ಬೂತಪ್ಪನ ಮನೆಗೆ ಹೋದ. ಜಗುಲಿಯಲ್ಲಿ ಮಲಗಿದ್ದ ಬೂತಪ್ಪ ಏಳಲಾರದೆ ಎರಡೂ ಕೈ ಚಾಚಿದ. ಬೆರಳುಗಳ ತುಂಬ ನೀರುಗುಳ್ಳೆ.

"ವಿಷ ಹಾಕಿದವನು ನಾನಾದ್ರೆ ನನಗ್ಯಾಕೆ ಹಿಂಗಾಯ್ತು ಮಾರಾಯ್ರೆ?"

"ಇಬ್ಬರೂ ಏನು ಮುಟ್ಟಿದ್ರಿ?"

"ನೀರು ಇಳಿದಾಗ ಕೆಸರಲ್ಲಿ ಒಂದು ಕಬ್ಬಿಣದ ಡಬ್ಬಿ ಸಿಕ್ತು. ಒಳಗೆ ಸೀಸ. ಬಲೆಗೆ ಭಾರ ಕಟ್ಟೋಕಾಗ್ತದೆ ಅಂತ ಬೈರಪ್ಪ ಗರಗಸದಲ್ಲಿ ಕುಯ್ದ. ನಾನು ಹಿಡ್ಕೊಂಡಿದ್ದೆ."

ಮಧ್ಯಾಹ್ನ ೧೨.೧೫ಕ್ಕೆ ಬೈರಪ್ಪನ ಕೊಟ್ಟಿಗೆಯಲ್ಲಿ ಪಂಚನಾಮೆ ನಡೆಯಿತು. ಸೀಳಿದ ಡಬ್ಬಿ, ಸೀಸದ ತುಂಡುಗಳು, ಬೆರಳುಗಾತ್ರದ ಒಂದು ಉಕ್ಕಿನ ಕೊಳವೆ. ಕೊಳವೆಯ ತುದಿ ಗರಗಸಕ್ಕೆ ಸಿಕ್ಕಿ ತೆರೆದಿತ್ತು, ನೆಲದ ಮೇಲೆ ಉಪ್ಪಿನಂಥ ಪುಡಿ ಚೆಲ್ಲಿತ್ತು. ಶೇಷಪ್ಪ ಕೊಳವೆಯನ್ನು ಕಾಗದದ ಕವರಿಗೆ ಹಾಕಿದ. ಡಬ್ಬಿಯ ಹೊರಮೈಯನ್ನು ಯಾರೋ ಉಳಿಯಿಂದ ಕೆರೆದಿದ್ದರು. ಮುಚ್ಚಳದ ಒಳಗೆ ಮಾತ್ರ ಒಂದು ಸಂಖ್ಯೆ ಉಳಿದಿತ್ತು. ರಾಜೇಶ ಅದನ್ನು ಬರೆದುಕೊಂಡ.

೪.೨೦ಕ್ಕೆ ಶಿವಮೊಗ್ಗದ ಆಸ್ಪತ್ರೆಯಿಂದ ಡಾಕ್ಟರ್ ನವ್ಯಾ ಫೋನ್ ಮಾಡಿದರು.

"ಇದು ವಿಷ ಅಲ್ಲ, ವಿಕಿರಣ. ಬೈರಪ್ಪನ ರಕ್ತದಲ್ಲಿ ಬಿಳಿಕಣವೇ ಇಲ್ಲ, ಮೂಳೆಯೊಳಗಿನ ಮಜ್ಜೆ ಸತ್ತಿದೆ. ಅಲ್ಲಿ ಲೋಹದ ವಸ್ತು ಏನಾದ್ರೂ ಸಿಕ್ಕಿದ್ರೆ ಹತ್ತಿರ ಹೋಗ್ಬೇಡಿ."

ರಾಜೇಶ ಫೋನ್ ಇಟ್ಟ. "ಶೇಷಪ್ಪ, ಆ ಕವರ್ ಎಲ್ಲಿ?"

"ಜೇಬಲ್ಲೇ ಇದೆಯಲ್ಲ ಸಾರ್." ಶೇಷಪ್ಪ ಎದೆ ತಟ್ಟಿ ತೋರಿಸಿದ.

ನಾಲ್ಕು ಗಂಟೆ ಕಾಲ ಅದು ಅಲ್ಲೇ ಇತ್ತು. ರಾಜೇಶ ಅವನ ಶರ್ಟನ್ನು ಕವರಿನ ಸಮೇತ ಹಿತ್ತಲಿನ ಗುಂಡಿಗೆ ಎಸೆಸಿ, ಠಾಣೆ ಖಾಲಿ ಮಾಡಿಸಿ, ದೂರದಲ್ಲಿ ಹಗ್ಗ ಕಟ್ಟಿಸಿದ. ಶೇಷಪ್ಪ ಬರಿಮೈಯಲ್ಲಿ ನಲ್ಲಿಯ ಕೆಳಗೆ ಕುಳಿತು ಎದೆ ತಿಕ್ಕುತ್ತಲೇ ಇದ್ದ. "ಏನೂ ಉರಿಯೋದಿಲ್ಲ ಸಾರ್," ಎಂದ. ಬೈರಪ್ಪನಿಗೂ ಮೊದಮೊದಲು ಉರಿದಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅಣುಶಕ್ತಿ ಇಲಾಖೆಯ ತಜ್ಞರು ಬಂದರು. ಅವರ ಮೀಟರು ಕೊಟ್ಟಿಗೆಯ ನೆಲದಲ್ಲಿ ಕಿರುಚಿತು. ರಾಧಮ್ಮನ ಸೆರಗಿನಲ್ಲಿ, ಜೀಪಿನ ಸೀಟಿನಲ್ಲಿ, ರಾಜೇಶನ ಬೂಟಿನಲ್ಲೂ ಕಿಟಿಕಿಟಿಗುಟ್ಟಿತು. ಅದು ಸೀಸಿಯಂ, ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ವಸ್ತು, ಪುಡಿ ಉಸಿರಲ್ಲೋ ಅನ್ನದಲ್ಲೋ ಒಳಗೆ ಹೋದರೆ ಮಾಂಸಖಂಡದಲ್ಲಿ ಸೇರಿಕೊಳ್ಳುತ್ತದೆ ಎಂದು ತಜ್ಞರು ಹೇಳಿದರು. ಆ ರಾತ್ರಿ ರಾಜೇಶ ಮನೆಗೆ ಹೋಗಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು.

ಮುಚ್ಚಳದ ಸಂಖ್ಯೆಯಿಂದ ಜಾಡು ಸಿಕ್ಕಿತು. ಕೊಪ್ಪ ರಸ್ತೆಯಲ್ಲಿ ಮುಚ್ಚಿಹೋಗಿದ್ದ ರಟ್ಟಿನ ಕಾರ್ಖಾನೆಯೊಂದು ತೊಟ್ಟಿಯಲ್ಲಿನ ತಿರುಳಿನ ಮಟ್ಟ ಅಳೆಯಲು ತರಿಸಿದ್ದ ಉಪಕರಣ ಅದು. ಅದರ ಉಸ್ತುವಾರಿ ನೋಡುತ್ತಿದ್ದವನು ಗಜಾನನ. ಈಗ ಜಯಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ.

ಮೇ ೧೯, ಬೆಳಿಗ್ಗೆ ೧೧.೧೦. ಸಮವಸ್ತ್ರ ಕಂಡೊಡನೆ ಗಜಾನನ ಸ್ಪ್ಯಾನರ್ ಕೆಳಗಿಟ್ಟ.

"ಯಾರಾದ್ರೂ ಮುಟ್ಟಿದ್ರಾ?"

"ಬೈರಪ್ಪ ಅನ್ನೋನು ನಿನ್ನೆ ತೀರಿಕೊಂಡ. ಬೂತಪ್ಪನ ಬೆರಳು ಕತ್ತರಿಸಬೇಕಂತೆ. ಡಬ್ಬಿ ನೀರಿಗೆ ಹಾಕಿದ್ದು ನೀನಾ?"

"ಹೌದು."

"ಯಾಕೆ?"

"ನಮ್ಮ ಕ್ವಾರ್ಟರ್ಸ್ ಗೋಡೆ ಆಚೆಗೇ ಅದನ್ನ ಇಟ್ಟಿದ್ರು. ನನ್ನ ಹೆಂಡ್ತಿ ಮಹಿಮಾಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಅದ್ರಿಂದ್ಲೇ ಅಂತ್ಲೂ ಡಾಕ್ಟ್ರು ಹೇಳ್ಲಿಲ್ಲ, ಅಲ್ಲ ಅಂತ್ಲೂ ಹೇಳ್ಲಿಲ್ಲ. ತಗೊಂಡು ಹೋಗಿ ಅಂತ ಮಾಲೀಕರಿಗೆ ಆರು ಕಾಗದ ಬರೆದೆ. ಮೂರನೇ ಸಲ ಅವಳು ಬಸುರಿಯಾದಾಗ ತಡೀಲಿಕ್ಕಾಗ್ಲಿಲ್ಲ."

"ಅದರ ಮೇಲೆ ಅಪಾಯದ ಚಿಹ್ನೆ ಇತ್ತಾ?"

"ಇತ್ತು. ತಲೆಬುರುಡೆ ಗುರುತೂ ಇತ್ತು."

"ಅದನ್ನ ಕೆರೆದಿದ್ದು?"

ಗಜಾನನ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. "ಕಾರ್ಖಾನೆ ಹೆಸರೂ ಅಲ್ಲೇ ಇತ್ತು. ಸಿಕ್ಕಿದ್ರೂ ನನ್ನ ಹೆಸರು ಬರಬಾರ್ದು ಅಂತ," ಎಂದ.

೧೧.೩೫ಕ್ಕೆ ಅವನನ್ನು ಬಂಧಿಸಲಾಯಿತು. ಮಾಲೀಕನ ಮೇಲೂ ಪ್ರಕರಣ ದಾಖಲಾಯಿತು. ಜೀಪು ಹೊರಡುವಾಗ ಮನೆಯೊಳಗಿನಿಂದ ಮಹಿಮಾ ಮಗುವನ್ನು ಎತ್ತಿಕೊಂಡು ಓಡಿಬಂದಳು. ಎಂಟು ತಿಂಗಳ ಗಂಡುಮಗು, ಮೈಕೈ ತುಂಬಿಕೊಂಡಿತ್ತು. ಅಪ್ಪನನ್ನು ಕಂಡು ಕೈ ಚಾಚಿತು. ರಾಜೇಶ ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದು, ಗಜಾನನ ಮಗುವನ್ನು ಎತ್ತಿಕೊಂಡು ಮರಳಿಸುವವರೆಗೆ ರಸ್ತೆಯ ಕಡೆ ಮುಖ ಮಾಡಿ ನಿಂತ.