ಸ್ಪೀಕರಿನಿಂದ ಕಳುವಾದ ಸದ್ದು

"ನಮ್ಮ ಮನೇಲಿ ಯಾರೋ ಸದ್ದು ಕದೀತಿದಾರೆ," ಎಂದರು ಬಂದವರು, ಕುರ್ಚಿಯ ತುದಿಯಲ್ಲಿ ಕೂತು.

ನನ್ನ ಗೆಳೆಯ, ಪತ್ತೇದಾರ ಗೂಬೆ, ತನ್ನ ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. "ಪೂರ್ತಿ ಕದ್ರಾ, ಸ್ವಲ್ಪ ಉಳಿಸಿದಾರಾ?"

"ಮೇಲಿಂದು ಹೋಗಿದೆ. ತಂತಿಯ ಮಿಂಚು, ಕೊಳಲಿನ ಉಸಿರು, ಎಲ್ಲಾ. ಹಾಡೋರು ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ."

ಊರವರು ಅವನನ್ನು ಗೂಬೆ ಎಂದೇ ಕರೆಯುತ್ತಿದ್ದರು. ಅವನ ಬೆನ್ನ ಹಿಂದಲ್ಲ, ಎದುರಿಗೇ. ಒಮ್ಮೆ ಅವನು ಮುರಿದ ಬೀಗವೊಂದನ್ನು ಮೂಸಿ, ಕಳ್ಳನಿಗೆ ಎಡಗಡೆ ದವಡೆ ಹಲ್ಲು ನೋಯುತ್ತಿದೆ ಎಂದ. ಕಳ್ಳ ಸಿಕ್ಕಾಗ ಹಲ್ಲು ಬಲಗಡೆಯದಾಗಿತ್ತು. ಗೂಬೆ ಅದಕ್ಕೆ ಕಳ್ಳನನ್ನೇ ಬೈದ. ಅಂಥವನ ಜೊತೆ ಒಂದೇ ಮನೆಯಲ್ಲಿ ನಾನು ಇಷ್ಟು ವರ್ಷ ಬದುಕಿದ್ದೇನೆ ಎಂದರೆ ನೀವು ನನ್ನ ಯಾವ ಮಾತನ್ನಾದರೂ ನಂಬಬಹುದು.

ಬಂದವರು ಸ್ಪೀಕರ್ ಕಾರ್ಖಾನೆಯ ಪರೀಕ್ಷಕರು. ಕೆಲಸಗಾರರು ಅವರಿಗೆ ಇಟ್ಟ ಹೆಸರು 'ಕಿವಿ'. ತಯಾರಾದ ಪ್ರತಿ ಸ್ಪೀಕರೂ ಅವರ ಕೋಣೆಗೆ ಹೋಗಬೇಕು. ಅವರು ಕಣ್ಣು ಮುಚ್ಚಿ ಕೇಳಿ ಹೆಬ್ಬೆರಳು ಮೇಲೆತ್ತಿದರೆ ಅದು ಮಾರುಕಟ್ಟೆಗೆ, ಕೆಳಗಿಳಿಸಿದರೆ ಅಂಗಳಕ್ಕೆ. ಅಂಗಳದಲ್ಲಿ ಅದನ್ನು ಮಾಡಿದವನೇ, ಎಲ್ಲರ ಎದುರಿಗೆ, ಸುತ್ತಿಗೆಯಿಂದ ಒಡೆಯಬೇಕು. ಅದು ಆ ಕಾರ್ಖಾನೆಯ ಕಟ್ಟಳೆ. ಕಟ್ಟಳೆ ಮಾಡಿದವರೂ ಅವರೇ.

"ಆಂಪ್ಲಿಫೈಯರ್ ಹೊಸದು ತಂದೆ," ಎಂದರು ಕಿವಿ. "ಸರಿಹೋಗಲಿಲ್ಲ. ವೈರುಗಳನ್ನೂ ಬದಲಾಯಿಸ್ದೆ. ಇನ್ನು ಉಳಿದಿರೋದು ಸ್ಪೀಕರ್. ಅದನ್ನ ಬದಲಾಯಿಸೋದಾ ಬೇಡವಾ ಅಂತ ನಿದ್ದೆ ಇಲ್ಲ. ಅಂಥ ಸ್ಪೀಕರ್ ಈಗ ಯಾರೂ ಮಾಡಲ್ಲ ಸ್ವಾಮಿ. ಯಾರೋ ಒಳಗೆ ಕೈ ಹಾಕಿದಾರೆ ಅಂತ ಸಾಬೀತಾದ್ರೆ ರಿಪೇರಿ ಮಾಡಿಸ್ತೀನಿ, ಹಾಕಿದವನ ಕೈ ಮುರಿಸ್ತೀನಿ."

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು. ನನ್ನ ಭಾಮೈದ. ನಮ್ಮ ಕಾರ್ಖಾನೇಲೇ ಜೋಡಿಸೋ ಕೆಲಸ ಮಾಡ್ತಿದ್ದ. ಅವನ ಕೈಯಿಂದ ಒಂದೂ ಸರಿಯಾಗಿ ಬರ್ತಿರಲಿಲ್ಲ, ಎಲ್ಲಾ ಮಂಕು. ಒಡೆಸೀ ಒಡೆಸೀ ಸಾಕಾಗಿ ಕೆಲಸದಿಂದ ತೆಗೆಸ್ದೆ. ಆಮೇಲೆ ಒಂದು ದಿನ ಅಕ್ಕನ್ನ ನೋಡೋಕೆ ಮನೆಗೆ ಬಂದಿದ್ದ. ಅವತ್ತಿಂದಲೇ ಸದ್ದು ಹೋಗಿದ್ದು."

"ರಜಾ ದಿನ ಎಲ್ಲರನ್ನೂ ಸೇರಿಸಿ," ಎಂದ ಗೂಬೆ. "ಭಾಮೈದನ್ನೂ ಕರೀರಿ."

"ಕಾರ್ಖಾನೆ ಮಾಲೀಕರನ್ನೂ ಕರೀತೀನಿ. ಅವನ ಮರ್ಯಾದೆ ಎಲ್ಲರ ಮುಂದೆ ಹೋಗ್ಲಿ."

"ಬಹಳ ಒಳ್ಳೇದು," ಎಂದ ಗೂಬೆ. ಅವನು ಇಷ್ಟು ಬೇಗ ಯಾವುದಕ್ಕಾದರೂ ಒಪ್ಪಿದರೆ ಓಡಲು ದಾರಿ ಯಾವ ಕಡೆ ಎಂದು ನಾನು ಮೊದಲೇ ನೋಡಿಟ್ಟುಕೊಳ್ಳುತ್ತೇನೆ.

ಮೊದಲು ನಾವಿಬ್ಬರೇ ಮನೆ ನೋಡಲು ಹೋದೆವು. ಗಂಟೆ ಒತ್ತಿದಾಗ ಬಾಗಿಲು ತೆರೆದವರು ಕಿವಿಯ ಹೆಂಡತಿ. ಸಣ್ಣ ಮೈಕಟ್ಟು. "ಬನ್ನಿ, ಕೂತ್ಕೊಳ್ಳಿ," ಎಂದಾಗ ಹಕ್ಕಿಯ ಗಂಟಲು. ಒಳಗೆ ತಿರುಗಿ, "ರೀ, ಬಂದಿದಾರೆ," ಎಂದಾಗ ಪಾತಾಳದಿಂದ ಎದ್ದ ದನಿ. ನಾನು ಬೇರೆ ಯಾರೋ ಮಾತಾಡಿದರೇನೋ ಎಂದು ಸುತ್ತ ನೋಡಿದೆ.

ಸಂಗೀತದ ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. ಎದುರಿಗೆ ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದರ ಬುಡದಲ್ಲಿ ಬೆಕ್ಕು ಮಲಗಿತ್ತು.

"ನೋಡಿ, ಬೆಕ್ಕಿಗೂ ಗೊತ್ತಾಗಿದೆ," ಎಂದರು ಕಿವಿ. "ಮೊದಲು ನಾನು ಸಂಗೀತ ಹಾಕಿದ್ರೆ ಎದ್ದು ಹೊರಗೆ ಓಡ್ತಿತ್ತು. ಅಷ್ಟು ಜೀವ ಇತ್ತು ಸದ್ದಲ್ಲಿ. ಈಗ ಇಲ್ಲೇ ಬಿದ್ಕೊಂಡು ಗೊರಕೆ ಹೊಡೆಯುತ್ತೆ."

ಅವರು ಒಂದು ಹಾಡು ಹಾಕಿದರು. ನನ್ನ ಕಿವಿಗೆ ಅದು ಅದ್ಭುತವಾಗಿತ್ತು, ಪಿಟೀಲಿನವನು ಮೂಗೆಳೆದುಕೊಂಡದ್ದೂ ಕೇಳಿಸಿತು. ಹೇಳೋಣವೆಂದು ಬಾಯಿ ತೆರೆದೆ. ಗೂಬೆ ನನ್ನ ಪಾದ ತುಳಿದ.

"ಹಿಂದುಗಡೆ ತಿರುಗಣಿ ಏನಾದ್ರೂ ಇದೆಯಾ?" ಎಂದು ಕೇಳಿದ.

"ಒಂದೊಂದಕ್ಕೂ ಒಂದಿದೆ. ಮೇಲಿನ ಸದ್ದು ಹೆಚ್ಚು ಕಡಿಮೆ ಮಾಡೋಕೆ. ಹದಿನೇಳು ವರ್ಷದ ಕೆಳಗೆ ನಾನೇ ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದು. ಸದ್ದು ಹೋದ ತಕ್ಷಣ ಬೆರಳ ತುದಿ ತೂರಿಸಿ ಮುಟ್ಟಿ ನೋಡ್ದೆ. ತಿರುಗಣಿಯ ಕೊಕ್ಕು ನೇರ ಮೇಲಕ್ಕೇ ಇದೆ, ಅಂದ್ರೆ ಮಧ್ಯಕ್ಕೆ, ಕೂದಲೆಳೆಯಷ್ಟೂ ಅಲುಗಿಲ್ಲ."

"ಕಣ್ಣಲ್ಲಿ ನೋಡಿದ್ರಾ?"

"ಬೆರಳು ಸಾಕು ನನಗೆ. ಅಲ್ಲಿಗೆ ತಲೆ ತೂರಿಸೋಕಾಗಲ್ಲ. ಹಿಂದಿನ ಧೂಳು ಒರೆಸೋಳು ನನ್ನ ಹೆಂಡತಿ ಒಬ್ಬಳೇ, ಅವಳ ಕೈ ಸಣ್ಣ. ಬೇರೆ ಯಾರನ್ನೂ ನಾನು ಹತ್ತಿರ ಬಿಡಲ್ಲ."

ಗೂಬೆ ಗೋಡೆಗೆ ಕೆನ್ನೆ ಅಂಟಿಸಿ ಟಾರ್ಚ್ ಬಿಟ್ಟ. ಆಮೇಲೆ ನನಗೂ ತೋರಿಸಿದ. ಬಟ್ಟೆ ಉಜ್ಜೀ ಉಜ್ಜೀ ಬೂದಿ ಬಣ್ಣಕ್ಕೆ ಸವೆದ ತಗಡು. ಅದರ ಮೇಲೆ ಕೊಕ್ಕಿನಾಕಾರದ ಕರಿ ತಿರುಗಣಿ, ಕೊಕ್ಕು ನೇರ ಮೇಲಕ್ಕೆ. ಬಲಗಡೆಯ ತುತ್ತತುದಿಯಲ್ಲಿ ಮಾತ್ರ, ಅದೇ ಕೊಕ್ಕಿನ ಅಳತೆಯ ಒಂದು ಗುರುತು ಹೊಸ ಬಣ್ಣದಂತೆ ಕರ್ರಗೆ ಹೊಳೆಯುತ್ತಿತ್ತು.

ದಾರಿಯಲ್ಲಿ ನಾನು, "ಭಾಮೈದನೇ ತಾನೇ?" ಎಂದೆ.

"ನಿನ್ನ ತಲೆ," ಎಂದ ಗೂಬೆ. ಅಷ್ಟೇ.

ರಜಾ ದಿನ ಮಧ್ಯಾಹ್ನ ಎಲ್ಲರೂ ಸೇರಿದರು. ಒಂದೇ ಕುರ್ಚಿಯಲ್ಲಿ ಕಿವಿ. ಮಾಲೀಕರಿಗೆ ಒಳಗಿಂದ ಇನ್ನೊಂದು ತಂದರು. ಭಾಮೈದ ಬಾಗಿಲಿಗೆ ಒರಗಿ ನಿಂತಿದ್ದ, ಅವನ ಹತ್ತಿರ ಅಕ್ಕ. ಗೂಬೆ ಹೇಳಿದ್ದಂತೆ ಮಾಲೀಕರು ಕಾರ್ಖಾನೆಯಲ್ಲಿ ಯಂತ್ರ ಪರೀಕ್ಷಿಸುವ ಒಂದು ಡಿಸ್ಕ್ ತಂದಿದ್ದರು.

"ಕಳ್ಳನ್ನ ನೋಡ್ಕೊಳ್ಳಿ ಯಜಮಾನ್ರೇ," ಎಂದರು ಕಿವಿ. "ಕೆಲಸ ಹೋಯ್ತು ಅಂತ ಅಕ್ಕನ ಮನೆಗೇ ಕನ್ನ."

"ಭಾವ, ನೀವು ನನ್ನ ಕೈಲೇ ನನ್ನ ಸ್ಪೀಕರ್ ಒಡೆಸಿದ್ರಿ," ಎಂದ ಭಾಮೈದ. "ನಿಮ್ಮದು ಒಡೆಯೋ ಹಾಗಿದ್ರೆ ಸುತ್ತಿಗೆ ತಂದೇ ಬರ್ತಿದ್ದೆ. ಕದ್ದು ಮುಚ್ಚಿ ಕೈ ಹಾಕೋ ಜಾತಿ ಅಲ್ಲ ನಾನು."

ಗೂಬೆ ಕೈ ಎತ್ತಿದ. "ಮೊದಲು ಒಂದು ಸಣ್ಣ ಪರೀಕ್ಷೆ. ಒಂದು ಸ್ವರ ಹಾಕ್ತೀನಿ. ಸ್ಪೀಕರಲ್ಲಿ ಏನು ಕಾಣೆಯಾಗಿದೆ ಅಂತ ಅದು ಹೇಳುತ್ತೆ. ಯಾರೂ ಮಾತಾಡಬಾರದು."

ಗುಂಡಿ ಒತ್ತಿದ. ಸೂಜಿಯೊಂದು ನನ್ನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟಿತು. ಬೆಕ್ಕು ಎದ್ದು ಕಿಟಕಿಯಿಂದ ಹಾರಿತು. ಭಾಮೈದ ತನ್ನ ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಮಾಲೀಕರು ಮುಖ ಕಿವುಚಿದರು. ಹೆಂಡತಿ ಮಾತ್ರ ತನ್ನ ಕಿವಿ ಮುಚ್ಚಿಕೊಳ್ಳಲಿಲ್ಲ. ಗಂಡನನ್ನು ನೋಡುತ್ತಿದ್ದರು.

ಕಿವಿ ಕಾಲ ಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ, ಹೆಬ್ಬೆರಳು ಸಿದ್ಧ ಮಾಡಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಶುರು ಮಾಡಿ," ಎಂದರು. "ಯಾಕೆ ತಡ?"

ಸ್ವರ ಇನ್ನೂ ಚುಚ್ಚುತ್ತಲೇ ಇತ್ತು. ಗೂಬೆ ಅದನ್ನು ನಿಲ್ಲಿಸಲಿಲ್ಲ. ನಾನೇ ಹೋಗಿ ನಿಲ್ಲಿಸಿದೆ.

"ಈಗ ಕೇಳಿ," ಎಂದ ಗೂಬೆ. "ತಗಡು ಪೂರ್ತಿ ಸವೆದಿದೆ, ಬಲತುದಿಯಲ್ಲಿ ಕೊಕ್ಕಿನಷ್ಟು ಜಾಗ ಬಿಟ್ಟು. ಅಂದ್ರೆ ವರ್ಷಗಟ್ಟಲೆ ಒರೆಸೋ ಬಟ್ಟೆ ಅಲ್ಲಿಗೆ ಹೋಗಿಲ್ಲ, ತಿರುಗಣಿ ಅಲ್ಲೇ ಕೂತಿತ್ತು, ಮೇಲಿನ ಸದ್ದು ಪೂರ್ತಿ ಜಾಸ್ತಿ ಮಾಡಿ. ಮಧ್ಯಕ್ಕೆ ಬಂದಿದ್ದು ಈಚೆಗೆ. ಸ್ಪೀಕರ್ ಈಗ ಸರಿ ಇದೆ ಯಜಮಾನ್ರೇ, ಮೊದಲು ಹಾಳಾಗಿತ್ತು. ಬೆಕ್ಕು ಓಡ್ತಿದ್ದಿದ್ದು ಸದ್ದಿನ ಜೀವಕ್ಕಲ್ಲ, ಕಿವಿ ನೋವಿಗೆ. ಮನೆಯಾಕೆ ಹೊರಗಿನವರ ಹತ್ತಿರ ಒಂದು ಗಂಟಲಲ್ಲಿ ಮಾತಾಡ್ತಾರೆ, ಗಂಡನ ಹತ್ತಿರ ಇನ್ನೊಂದರಲ್ಲಿ. ಯಾಕಂದ್ರೆ ದಪ್ಪ ದನಿ ಮಾತ್ರ ಇವರಿಗೆ ಮುಟ್ಟುತ್ತೆ. ಆ ಸಂದಿಗೆ ಪೂರ್ತಿ ಹೋಗೋ ಕೈ ಒಂದೇ. ಜಾಸ್ತಿ ಮಾಡಿದ್ದೂ ಅದೇ, ಕಡಿಮೆ ಮಾಡಿದ್ದೂ ಅದೇ."

ಕಿವಿ ಹೆಂಡತಿಯ ಕಡೆ ತಿರುಗಿದರು.

"ಒಂದು ಸಲ ಒರೆಸುವಾಗ ಕೈ ತಾಗಿ ಸ್ವಲ್ಪ ತಿರುಗ್ತು," ಎಂದರು ಆಕೆ, ಆ ದಪ್ಪ ದನಿಯಲ್ಲಿ. "ಅವತ್ತು ನೀವು ಬೈಯಲಿಲ್ಲ. ಆಹಾ, ಸೆಟ್ ಪಳಗ್ತಾ ಇದೆ ಅಂದ್ರಿ. ಆಮೇಲೆ ಮತ್ತೆ ಮಂಕು ಅಂತ ಶುರು ಮಾಡಿದಾಗೆಲ್ಲ ಇನ್ನಷ್ಟು ತಿರುಗಿಸ್ದೆ. ಕೊನೆಗೆ ತಿರುಗಿಸೋಕೆ ಜಾಗ ಉಳೀಲಿಲ್ಲ."

"ನನ್ನ ಮೇಲೆ ಅಷ್ಟು ಕನಿಕರನಾ?"

"ಕನಿಕರ ಏನಿಲ್ಲ. ಕಿವಿ ಹೋಗಿದೆ ಅಂತ ಗೊತ್ತಾದ್ರೆ ಕೆಲಸ ಬಿಡ್ತೀರಿ. ಕೆಲಸ ಬಿಟ್ರೆ ದಿನವಿಡೀ ಮನೇಲಿರ್ತೀರಿ. ಸಂಜೆ ಹೊತ್ತು ನಿಮ್ಮನ್ನ ಸಹಿಸೋದೇ ಕಷ್ಟ."

ಭಾಮೈದ ನಕ್ಕುಬಿಟ್ಟ. ಆಕೆ ನಗಲಿಲ್ಲ.

"ತಮ್ಮನ ಕೈಯಲ್ಲಿ ಅವನ ಕೆಲಸಾನೇ ಒಡೆಸಿದ್ರಿ. ಅನ್ನ ತೆಗೆದ್ರಿ. ನಮ್ಮ ಸ್ಪೀಕರ್ ಮುಂದೆ ಎಲ್ಲಾ ಮಂಕು ಅಂತ ಊಟಕ್ಕೆ ಕೂತಾಗ ಮೆರೆದ್ರಿ. ಅವನು ಬಂದು ಅತ್ತು ಹೋದ ದಿನ ತಿರುಗಣಿ ಎರಡನ್ನೂ ಮಧ್ಯಕ್ಕೆ ತಂದೆ. ನಿಮಗೇ ಗೊತ್ತಾಗ್ಲಿ ಅಂತ. ನೀವು ಆಂಪ್ಲಿಫೈಯರ್ ತಂದ್ರಿ, ವೈರ್ ತಂದ್ರಿ. ತಪ್ಪು ನಿಮ್ಮ ಕಡೆ ಇರಬಹುದು ಅಂತ ಒಂದು ಸಲವೂ ಅನ್ನಿಸಲಿಲ್ಲ."

"ಬಾಯಿ ಬಿಟ್ಟು ಹೇಳಬಹುದಿತ್ತು."

"ಹೇಳಿದ್ದೆ ರೀ. ಎಷ್ಟೋ ಸಲ. ನಿಮಗೆ ಕೇಳಿಸಲಿಲ್ಲ."

ಮಾಲೀಕರು ಎದ್ದು ನಿಂತರು. "ಒಳ್ಳೇ ಮಾಲನ್ನ ನಾವೇ ಕುಟ್ಟಿ ಪುಡಿ ಮಾಡಿದ್ವಾ," ಎಂದು ಗೋಡೆಗೆ ಹೇಳಿದರು. ಆಮೇಲೆ ಭಾಮೈದನಿಗೆ, "ಸೋಮವಾರ ಬಾರಪ್ಪ," ಎಂದರು. ಕಿವಿಗೆ, ಒಂದೊಂದು ಅಕ್ಷರ ಬಿಡಿಸಿ, "ನೀವು ಬರಬೇಡಿ," ಎಂದರು. ಕೇಳಿಸದೆ ಹೋದೀತೆಂದು ಕೈಯನ್ನೂ ಆಡಿಸಿ ತೋರಿಸಿದರು. ಅದೊಂದನ್ನು ಮಾಡಬಾರದಿತ್ತು.

ಹೆಂಡತಿ ಚಪ್ಪಲಿ ಮೆಟ್ಟಿದರು. "ತಮ್ಮಾ, ನಿನ್ನ ಮನೇಲಿ ನನಗೊಂದು ಮೂಲೆ ಇದೆಯೇನೋ?"

"ಕೋಣೇನೇ ಇದೆ, ನಡಿ ಅಕ್ಕ."

ಅವರು ಮಾಲೀಕರ ಕಾರಿನಲ್ಲೇ ಹೋದರು. ನಾವು ಗೇಟು ದಾಟುವಾಗ ಕಿವಿ ಬರಿಗಾಲಲ್ಲಿ ಹಿಂದೆ ಬಂದರು. ಗೂಬೆಯ ತೋಳು ಹಿಡಿದರು.

"ಒಂದು ನಿಜ ಹೇಳಿ. ನೀವು ಕೇಳಿದ್ರಲ್ಲ. ಆ ಸೆಟ್ ಹೇಗಿದೆ?"

ಗೂಬೆ ಸುಳ್ಳು ಹೇಳುವುದಿಲ್ಲ. ಅವನ ದುರ್ಗುಣಗಳಲ್ಲೆಲ್ಲ ಅದು ಅತಿ ಕೆಟ್ಟದ್ದು. ಅವರ ಮುಖದ ಹತ್ತಿರ ಬಗ್ಗಿ, ದನಿ ದಪ್ಪ ಮಾಡಿ ಹೇಳಿದ.

"ಅದಕ್ಕಿಂತ ಚೆನ್ನಾಗಿರೋದನ್ನ ನಾನು ಜನ್ಮದಲ್ಲಿ ಕೇಳಿಲ್ಲ."

ಕಿವಿ ತಲೆಯಾಡಿಸಿದರು. "ಹಾಗಾದ್ರೆ ಸ್ಪೀಕರ್ ಬದಲಾಯಿಸೋದು ಬೇಡ."

"ಬೇಡ," ಎಂದ ಗೂಬೆ.